ಹನ್ನೊಂದು ದಿನದಿಂದ ಹರಿಯುತ್ತಿರುವ ನೀರು

ಇವತ್ತು ಬೆಳಿಗ್ಗೆ ಬಕೆಟ್ ಹಿಡಿದು ರಸ್ತೆಗೆ ಹೋಗಿದ್ದೆ. ಓಡಾಡುವವರು ನಿಂತು ನೋಡಿದರು, ನೋಡಲಿ. ನೀರಿನ ಟ್ಯಾಂಕಿಗೆ ಹೋಗುವ ಮುಖ್ಯ ಕೊಳವೆಯ ವಾಲ್ವ್ ಹತ್ತಿರ ಜಾಯಿಂಟ್ ಬಿಟ್ಟು ಹನ್ನೊಂದು ದಿನವಾಯಿತು. ಚೇಂಬರಿನಿಂದ ಉಕ್ಕಿದ ನೀರು ಚರಂಡಿಗೆ ಬೀಳುವ ಕಡೆ ಬಕೆಟ್ ಇಟ್ಟೆ. ಹತ್ತು ಲೀಟರ್ ತುಂಬಲು 40 ಸೆಕೆಂಡ್. ಮೂರು ಸಲ ಅಳೆದೆ, ಮೂರು ಸಲವೂ ಅಷ್ಟೇ. ನಿಮಿಷಕ್ಕೆ 15 ಲೀಟರ್, ದಿನಕ್ಕೆ 21,600 ಲೀಟರ್. ಆ ಕೊಳವೆ ಹಗಲು ರಾತ್ರಿ ತುಂಬಿಯೇ ಇರುತ್ತದೆ, ಹಾಗಾಗಿ ಹನ್ನೊಂದು ದಿನಕ್ಕೆ 2,37,600 ಲೀಟರ್ ಅಂತ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮನೆಗೆ ಬಂದು ಫೋನ್ ತೆಗೆದರೆ ಸಂದೇಶ ಬಂದಿದೆ: ನೀರಿನ ಅಭಾವವಿದೆ, ಮಿತವಾಗಿ ಬಳಸಿ, ಸಹಕರಿಸಿ. ಸಿಟ್ಟು ನೆತ್ತಿಗೇರಿತು.

ನಾನು ಇಪ್ಪತ್ತೆರಡು ವರ್ಷ ನೀರು ಸರಬರಾಜಿನಲ್ಲೇ ಕೆಲಸ ಮಾಡಿದವಳು ಅಂತ ನಿಮಗೆ ಗೊತ್ತೇ ಇದೆ. ಅದೇ ಕಚೇರಿಗೆ ಫೋನ್ ಮಾಡಿದೆ. ಆ ಕಡೆಯಿದ್ದ ಹುಡುಗ ಮರ್ಯಾದೆಯಿಂದಲೇ ಮಾತಾಡಿದ. "ಮೇಡಂ, ಈಗ ಟ್ಯಾಂಕರ್ ಓಡಿಸೋದ್ರಲ್ಲೇ ಎಲ್ಲರೂ ಮುಳುಗಿದ್ದೀವಿ. ಸೋರಿಕೆ ಕೆಲಸ ಮಳೆ ಬಂದ ಮೇಲೆ ಹಿಡೀತೀವಿ" ಅಂದ. ಇದೇ ಮಾತನ್ನು ನಾನೂ ಆಡಿದ್ದೇನೆ. ಮಳೆ ಬಂದ ಮೇಲೆ ಏನಾಗುತ್ತದೆ ಅನ್ನುವುದೂ ಗೊತ್ತು. ಜಲಾಶಯ ತುಂಬುತ್ತದೆ, ದೂರು ನಿಲ್ಲುತ್ತದೆ, ಸೋರಿಕೆಯ ಕಡತ ಕಪಾಟು ಸೇರುತ್ತದೆ. ಬೇಸಿಗೆಯಲ್ಲಿ ಪುರುಸೊತ್ತಿಲ್ಲ, ಮಳೆಗಾಲದಲ್ಲಿ ಅಗತ್ಯ ಕಾಣುವುದಿಲ್ಲ. ಹಾಗಾದರೆ ಕೊಳವೆ ರಿಪೇರಿಗೆ ವರ್ಷದಲ್ಲಿ ಯಾವ ತಿಂಗಳು ಉಳಿಯಿತು?

ಜನರೂ ಪೋಲು ಮಾಡುತ್ತಾರಲ್ಲ ಅಂತ ಈಗಲೇ ಯಾರೋ ಟೈಪ್ ಮಾಡುತ್ತಿರುತ್ತೀರಿ. ಹೌದು, ಮಾಡುತ್ತಾರೆ. ಆದರೆ ಹೇಳುವ ರೀತಿಯಲ್ಲಿ ಹೇಳಿದರೆ ಜನ ಕೇಳುತ್ತಾರೆ ಅನ್ನುವುದಕ್ಕೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರ ಇದೆ. 2018ರ ಫೆಬ್ರುವರಿಯಿಂದ ಅಲ್ಲಿ ತಲೆಗೆ ದಿನಕ್ಕೆ 50 ಲೀಟರ್ ಮಿತಿ ಹಾಕಿದರು. ನಲ್ಲಿಗಳನ್ನೇ ಬಂದ್ ಮಾಡಬೇಕಾದ ದಿನಕ್ಕೆ 'ಡೇ ಝೀರೋ' ಅಂತ ಹೆಸರಿಟ್ಟು, ಜಲಾಶಯದ ಮಟ್ಟವನ್ನು ಎಲ್ಲರ ಕಣ್ಣೆದುರು ಇಟ್ಟರು. ಮೂರು ವರ್ಷದಲ್ಲಿ ಊರಿನ ಬಳಕೆ ಸುಮಾರು ಅರ್ಧಕ್ಕೆ ಇಳಿಯಿತು, ಆ ದಿನ ಬರಲೇ ಇಲ್ಲ. ಎಲ್ಲರೂ ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸುತ್ತಾರೆ. ಅಲ್ಲಿನ ಎಂಜಿನಿಯರುಗಳು ಬಡಾವಣೆ ಬಡಾವಣೆಗೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿದ್ದನ್ನು ಯಾರೂ ಹೇಳುವುದಿಲ್ಲ. ಕೊಳವೆಯಲ್ಲಿ ಒತ್ತಡ ಇಳಿದರೆ ಕಣ್ಣಿಗೆ ಕಾಣದ ಸಾವಿರ ಬಿರುಕುಗಳ ಸೋರಿಕೆಯೂ ಇಳಿಯುತ್ತದೆ. ಜನ ಒಂದು ಕಡೆಯಿಂದ ಎಳೆದರು, ವ್ಯವಸ್ಥೆ ಇನ್ನೊಂದು ಕಡೆಯಿಂದ ಎಳೆಯಿತು. ಇಲ್ಲಿ ಹಗ್ಗದ ಒಂದೇ ತುದಿಯಲ್ಲಿ ಜನರನ್ನು ನಿಲ್ಲಿಸಿದ್ದಾರೆ.

ಇನ್ನು ಹಳೇ ಕೊಳವೆಗೆ ದುಡ್ಡೆಲ್ಲಿ ಅನ್ನುವವರು. ನಾಮ್‌ಪೆನ್ ನೋಡಿ. ಯುದ್ಧದಲ್ಲಿ ನುಜ್ಜುಗುಜ್ಜಾದ ದೇಶ ಕಾಂಬೋಡಿಯ. 1993ರಲ್ಲಿ ಅದರ ರಾಜಧಾನಿ ನಾಮ್‌ಪೆನ್‌ನಲ್ಲಿ ಶುದ್ಧೀಕರಿಸಿ ಬಿಟ್ಟ ನೀರಿನಲ್ಲಿ 72% ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಏಕ್ ಸೊನ್ ಚಾನ್ ಅನ್ನುವ ಎಂಜಿನಿಯರ್ ಜವಾಬ್ದಾರಿ ಹೊತ್ತರು. ಮೀಟರ್ ಹಾಕಿಸಿದರು, ಕಳ್ಳ ಸಂಪರ್ಕ ಕಿತ್ತರು, ಹಗಲು ರಾತ್ರಿ ಸೋರಿಕೆ ಹುಡುಕುವ ತಂಡ ಕಟ್ಟಿದರು. ಹದಿನೈದು ವರ್ಷದಲ್ಲಿ ಆ 72% ಸುಮಾರು 6%ಕ್ಕೆ ಬಂತು, 24 ಗಂಟೆಯೂ ನೀರು ಬಂತು. 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಿಕ್ಕಿತು. ಶ್ರೀಮಂತ ಊರಿನ ಕಥೆ ಇದಲ್ಲ ಅಂತ ಒತ್ತಿ ಹೇಳುತ್ತೇನೆ.

ಹುಡುಕುವುದೂ ಬ್ರಹ್ಮವಿದ್ಯೆ ಅಲ್ಲ. ಊರನ್ನು ಸಣ್ಣ ಸಣ್ಣ ವಲಯ ಮಾಡಿ ಪ್ರತಿ ವಲಯದ ಬಾಗಿಲಿಗೆ ಒಂದು ಮೀಟರ್ ಇಡಬೇಕು. ರಾತ್ರಿ 2ರಿಂದ 4ರ ನಡುವೆ ಎಲ್ಲರೂ ಮಲಗಿರುವಾಗ ಅದನ್ನು ಓದಬೇಕು. ಆಗಲೂ ಮುಳ್ಳು ಜೋರಾಗಿ ತಿರುಗುತ್ತಿದ್ದರೆ ಆ ನೀರು ಬಹುಪಾಲು ಮಣ್ಣಿಗೆ ಹೋಗುತ್ತಿದೆ ಅಂತ ಅರ್ಥ. ಆಮೇಲೆ ಕೊಳವೆಗೆ ಕೋಲು ತಾಗಿಸಿ ಕಿವಿಗೊಟ್ಟರೆ ಸೋರುವ ಜಾಗದ ಸದ್ದು ಕೇಳುತ್ತದೆ. ನಾನೇ ಕೇಳಿದ್ದೇನೆ, ಸಣ್ಣಗೆ ಶಿಳ್ಳೆ ಹಾಕಿದ ಹಾಗಿರುತ್ತದೆ.

ಒಂದು ವಿಷಯ ಇಲ್ಲಿಯವರೆಗೆ ಎಲ್ಲೂ ಬರೆದಿರಲಿಲ್ಲ. ಒಂದು ಬರಗಾಲದಲ್ಲಿ ಎರಡು ದಿನಕ್ಕೊಮ್ಮೆ ನೀರು ಬಿಡುವ ಆದೇಶದ ಕರಡು ಬರೆದವಳು ನಾನು. ನೀರು ಉಳಿಯುತ್ತದೆ ಅಂತ ಮನಸಾರೆ ನಂಬಿದ್ದೆ. ದೊಡ್ಡ ತೊಟ್ಟಿ, ಪಂಪು ಇದ್ದವರು ನೀರು ಬಂದ ದಿನವೇ ಎರಡು ದಿನದ್ದನ್ನು ಎಳೆದುಕೊಂಡರು. ಕೊನೇ ಓಣಿಯ ಕೊಡಗಳು ಖಾಲಿ ಉಳಿದವು. ಕೊಡ ತುಂಬಿದವರೂ ಹೊಸ ನೀರು ಬಂದಾಗ ಹಳೆಯದನ್ನು ಚೆಲ್ಲಿದರು. ಖಾಲಿಯಾದ ಕೊಳವೆ ತನ್ನ ಬಿರುಕಿನಿಂದಲೇ ಪಕ್ಕದ ಚರಂಡಿ ನೀರನ್ನು ಒಳಗೆಳೆದುಕೊಂಡಿತು. ಎರಡು ವಾರದಲ್ಲಿ ಆ ಓಣಿಯ ಮಕ್ಕಳಿಗೆ ವಾಂತಿಭೇದಿ. ಒಬ್ಬ ತಾಯಿ ಬಾಟಲಿಯಲ್ಲಿ ಕಲಕು ನೀರು ತಂದು ನನ್ನ ಮೇಜಿನ ಮೇಲಿಟ್ಟು ಒಂದೂ ಮಾತಾಡದೆ ಹೋದರು. ಆ ಬಾಟಲಿ ಇನ್ನೂ ಕಣ್ಣಮುಂದಿದೆ. ಸೋರಿಕೆ ಅಂದ ಕೂಡಲೇ ನಾನು ಯಾಕೆ ಇಷ್ಟು ರೇಗುತ್ತೇನೆ ಅಂತ ಕೇಳುತ್ತಿದ್ದವರಿಗೆ ಇದು ಉತ್ತರ.

ಹಾಗಾಗಿ ಹೊಸ ಜಲಾಶಯ, ಹೊಸ ಕೊಳವೆಬಾವಿ ಅಂದಾಗಲೆಲ್ಲ ನನ್ನದು ಒಂದೇ ಪ್ರಶ್ನೆ: ತಂದ ನೀರು ಎಷ್ಟು ಮನೆ ಮುಟ್ಟುತ್ತದೆ? ಆ ಅಂಕಿ ಹೇಳಿದ ಮೇಲೆ ನನಗೆ ಅರ್ಧ ಬಕೆಟ್ಟಿನಲ್ಲಿ ಸ್ನಾನ ಮಾಡು ಅನ್ನಿ, ಮಾಡುತ್ತೇನೆ. ಈಗಲೂ ಮಾಡುತ್ತಲೇ ಇದ್ದೇನೆ. ಆ ಜಾಯಿಂಟಿನಿಂದ ದಿನಕ್ಕೆ ಹೋಗುತ್ತಿರುವುದು ಕೇಪ್‌ಟೌನಿನ ಲೆಕ್ಕದಲ್ಲಿ 432 ಜನರ ನೀರು.

ನಾಳೆ ಬೆಳಿಗ್ಗೆ ಮತ್ತೆ ಬಕೆಟ್ ಹಿಡಿದು ಹೋಗುತ್ತೇನೆ, ಎಷ್ಟು ಸೆಕೆಂಡ್ ಅಂತ ಇಲ್ಲೇ ಹಾಕುತ್ತೇನೆ. ನಿಮ್ಮ ರಸ್ತೆಯಲ್ಲೂ ಸೋರುತ್ತಿದ್ದರೆ ಅಳೆದು ಕೆಳಗೆ ಬರೆಯಿರಿ. ಎಲ್ಲವನ್ನೂ ಕೂಡಿಸಿ ಸೋಮವಾರ ಅರ್ಜಿಯ ಜೊತೆ ಕೊಟ್ಟು ಬರುತ್ತೇನೆ.