ಗೊಬ್ಬರ ಅಲ್ಲಪ್ಪಾ, ರಿಕ್ಷಾ!

ಮೊನ್ನೆ ಮಾಟುಂಗದಲ್ಲಿ ಮದುವೆ ಊಟ ಮುಗಿಸಿ ಘಾಟ್ಕೋಪರಿನಲ್ಲಿ ಇಳಿಯುವಾಗ ರಾತ್ರಿ 12 ದಾಟಿತ್ತು. ಆ ಹೊತ್ತಿಗೆ ರಿಕ್ಷಾ ಮೀಟರಿನ ಮೇಲೆ ಕಾಲು ಭಾಗ ಜಾಸ್ತಿ. "ನೈಟ್ರೇಟ್ ಕೊಡಲೇಬೇಕು" ಅಂದೆ. ಒಂಬತ್ತನೇ ಕ್ಲಾಸಿನ ಮಗಳು ಕಿಸಕ್ಕನೆ ನಕ್ಕಳು. "ಅಪ್ಪಾ, ಅದು ಗೊಬ್ಬರದಲ್ಲಿ ಇರೋದು!"

ಅವಳದ್ದೇ ಸರಿ. ನಾನು ಹೇಳಹೊರಟಿದ್ದು ನೈಟ್ ರೇಟ್, ಅಂದರೆ ರಾತ್ರಿ ದರ. ಕನ್ನಡದಲ್ಲಿ ಟೈಪ್ ಮಾಡಿ ನೋಡಿ. ನೈಟ್ರೇಟ್ ಅಂದರೆ ಟ ಮತ್ತು ರ ಒತ್ತಕ್ಷರವಾಗಿ ಅಂಟಿಕೊಳ್ಳುತ್ತವೆ. ನೈಟ್‌ರೇಟ್ ಅಂದರೆ ಟ್ ಅಲ್ಲೇ ನಿಲ್ಲುತ್ತದೆ. ಇಂಗ್ಲಿಷ್ ಬಾಯಲ್ಲೂ ಹೀಗೇ. ಎರಡು ಪದ ಎಲ್ಲಿ ಕೂಡಿದೆಯೋ ಅಲ್ಲೇ ತುಂಡು.

ನಮ್ಮದು ಕರಗಿಸುವ ನಾಲಿಗೆ. ಮಳೆ, ಕಾಲ ಸೇರಿ ಮಳೆಗಾಲ. ಊರು, ಊರು ಸೇರಿ ಊರೂರು. ಊ-ರೂ-ರು ಅಂತ ಬಿಡಿಸಿದರೆ ಕೂಡಿದ ಜಾಗ ಎಲ್ಲಿ ಹುಡುಕುತ್ತೀರಿ? ಇಂಗ್ಲಿಷಿನಲ್ಲೂ ಕೆಲವು ಕರಗಿವೆ. ಕಪ್, ಬೋರ್ಡ್ ಸೇರಿ ಕಬರ್ಡ್, ಪಕಾರ ಮಾಯ. ಮಗಳ ವರ್ಕ್‌ಶೀಟಿನಲ್ಲಿ ಮಾತ್ರ ಕಪ್-ಬೋರ್ಡ್ ಅಂತ ಬಿಡಿಸಿದ್ದಕ್ಕೆ ರೈಟ್ ಬಿದ್ದಿದೆ. ಸಾಲಿನ ಕೊನೆಯಲ್ಲಿ ಪದ ಮುರಿಯೋಕೆ ಅದು ಸರಿಯೇ, ಬಾಯಿಗೆ ಅಲ್ಲ.

ಇನ್ನು ಸ್ಟ್ರೆಸ್, ಅಂದರೆ ಪದದ ಯಾವ ಭಾಗ ಒತ್ತಿ ಹೇಳಬೇಕು ಅನ್ನೋದು. ಮುಂಬಯಿಗೆ ಬಂದ ಹೊಸದರಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದ್ದೆ. ಮೂರು ತಿಂಗಳು ಇಂಗ್ಲಿಷಿನ th ಹೇಳಿಸೋಕೆ ಹಲ್ಲಿನ ಮಧ್ಯೆ ನಾಲಿಗೆ ಇಡಿಸಿದರು. ಪದದಲ್ಲಿ ಪೆಟ್ಟು ಎಲ್ಲಿ ಬೀಳಬೇಕು ಅಂತ ಒಂದು ದಿನವೂ ಹೇಳಲಿಲ್ಲ. ಮೊದಲು ಕಲಿಸಬೇಕಾದ್ದೇ ಅದು ಅಂತ ನಾನು ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಬ್ಲ್ಯಾಕ್ ಮೇಲೆ ಪೆಟ್ಟು ಬಿದ್ದರೆ ಅದು ಕ್ಲಾಸಿನ ಬ್ಲ್ಯಾಕ್‌ಬೋರ್ಡ್, ಬಣ್ಣ ಹಸಿರಿದ್ದರೂ ಸರಿ. ಬೋರ್ಡ್ ಮೇಲೆ ಬಿದ್ದರೆ ಯಾವುದೋ ಒಂದು ಕಪ್ಪು ಹಲಗೆ. ಕುಂದಾಪುರದ ಹತ್ತಿರ ನಮ್ಮೂರಲ್ಲಿ ಒಂದು ಮನೆಗೆ ಹೊಸಮನೆ ಅಂತ ಹೆಸರು. ನನ್ನಜ್ಜ ಹುಟ್ಟುವ ಮೊದಲೇ ಅದರ ಮಾಡು ಸೋರುತ್ತಿತ್ತಂತೆ! ಅದು ಹೆಸರು ಅಂತ ತಿಳಿಸೋಕೆ ನಾವು ಒಂದೇ ಉಸಿರಲ್ಲಿ ಅಂದುಬಿಡುತ್ತೇವೆ. ಇಂಗ್ಲಿಷಿನವರು ಮೊದಲ ಪದಕ್ಕೆ ಗುದ್ದುತ್ತಾರೆ.

ಹಾಗಂತ ಎಲ್ಲ ಕಡೆ ಮೊದಲನೆಯದಕ್ಕೇ ಗುದ್ದಿದರೆ ಕೆಟ್ಟಿತು. ಹೆಸರು ಸ್ಟ್ರೀಟ್ ಅಂತ ಮುಗಿದರೆ ಪೆಟ್ಟು ಅದರ ಹಿಂದಿನ ಪದಕ್ಕೆ. ರೋಡ್ ಅಂತ ಮುಗಿದರೆ ರೋಡಿಗೇ. ದಲಾಲ್ ಸ್ಟ್ರೀಟಿನಲ್ಲಿ ದಲಾಲನಿಗೆ ಏಟು, ಗ್ರಾಂಟ್ ರೋಡಿನಲ್ಲಿ ಗ್ರಾಂಟ್ ಸಾಹೇಬ ಬಚಾವ್. ಯಾಕೆ ಅಂತ ನನ್ನನ್ನು ಕೇಳಬೇಡಿ.

ಅಂದಹಾಗೆ ನಿನ್ನೆ ಚರ್ಚ್‌ಗೇಟ್ ಲೋಕಲ್ಲಿನಲ್ಲಿ ಮಗಳು ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದಳು, "ಗ್ರಾಂಟ್ರೋಡ್ ಬಂತು." ನಾನು ಸುಮ್ನೆ ಅವಳ ಮುಖ ನೋಡಿದೆ. ಅವಳು ಕಿಟಕಿ ಕಡೆ ತಿರುಗಿಕೊಂಡಳು.