ಬ್ಯಾಟರಿ ಬಿಟ್ಟು ಬಂದ ಸೈಕಲ್ಲು

"ಎಷ್ಟು ಕೊಡ್ತದೆ?" ಎಂದು ಕೇಳದೆ ಈಚೆಗೆ ನಮ್ಮ ಮನೆಯ ದಣಪೆ ದಾಟಿ ವಾಪಸು ಹೋದವರಿಲ್ಲ. ಹಾಲಿಗೆ ಬಂದವರು, ಸತ್ಯನಾರಾಯಣ ಕಥೆಗೆ ಕರೆಯಲು ಬಂದವರು, ತೋಟಕ್ಕೆ ಬೋರ್ಡೊ ಔಷಧಿ ಹೊಡೆಯಲು ಬಂದವರು, ಎಲ್ಲರದೂ ಅದೇ ರಾಗ. ಜಗಲಿಯ ಮೂಲೆಯಲ್ಲಿ ನಿಂತಿರುವ ಕರೆಂಟು ಸೈಕಲ್ಲಿನ ಸೀಟು ಒತ್ತುತ್ತಾರೆ, ಬೆಲ್ ಬಾರಿಸುತ್ತಾರೆ, ಮೈಲೇಜು ಕೇಳುತ್ತಾರೆ. ಏನೂ ಕೊಡುವುದಿಲ್ಲ ಮಾರಾಯ್ರೇ, ಅದರಲ್ಲಿ ಬ್ಯಾಟರಿಯೇ ಇಲ್ಲ ಎಂದರೆ ನನ್ನನ್ನೇ ಅನುಮಾನದಿಂದ ನೋಡುತ್ತಾರೆ, ನಾನೇ ಬಿಚ್ಚಿ ಮಾರಿಕೊಂಡೆನೇನೋ ಅಂತ.

ಅದು ಸೋದರಳಿಯನದು. ನೆದರ್ಲ್ಯಾಂಡ್ಸಿನಲ್ಲಿ ಕೆಲಸಕ್ಕಿದ್ದಾಗ ಕೊಂಡಿದ್ದು. 250 ವ್ಯಾಟಿನ ಮೋಟಾರು. ವೇಗ ಗಂಟೆಗೆ 25 ಕಿ.ಮೀ. ಮುಟ್ಟಿತೋ, ಮೋಟಾರು ಕೈಬಿಡುತ್ತದೆ, ಮುಂದಿನದು ನಿಮ್ಮ ಕಾಲಿನ ಯೋಗ್ಯತೆ. ನಮ್ಮಲ್ಲೂ ಅಷ್ಟರೊಳಗಿನ ಗಾಡಿಗೆ ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ. ಇದನ್ನೆಲ್ಲ ಮುಂಚೆಯೇ ಓದಿಕೊಂಡಿದ್ದ ಹುಡುಗ ವಿಮಾನದ ನಿಯಮ ಓದಿದ್ದು ಮಾತ್ರ ಟಿಕೆಟ್ ತೆಗೆದ ಮೇಲೆ. 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ಕೈಚೀಲದಲ್ಲೂ ಒಯ್ಯುವಂತಿಲ್ಲ, ಲಗೇಜಿನಲ್ಲೂ ಹಾಕುವಂತಿಲ್ಲ. ಇದರದು 500. ಹೀಗಾಗಿ ಬ್ಯಾಟರಿ ಗೆಳೆಯನ ಕಪಾಟಿನಲ್ಲಿ ಉಳಿಯಿತು. ಉಳಿದದ್ದು ಬೆಂಗಳೂರಿಗೆ ಹಾರಿ ಬಂದು, ಅಲ್ಲಿಂದ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ತೀರ್ಥಹಳ್ಳಿ ತಲುಪಿತು. "ಸೋಗಾನೆಯಲ್ಲೇ ವಿಮಾನ ನಿಲ್ದಾಣ ಇದೆಯಲ್ಲ, ಅಲ್ಲಿಗೇ ತರಬಹುದಿತ್ತು" ಎಂದು ನಮ್ಮ ಭಾವ ಇನ್ನೂ ಹೇಳುತ್ತಾರೆ. 2023ರಲ್ಲಿ ಶಿವಮೊಗ್ಗದ ಆ ನಿಲ್ದಾಣ ಶುರುವಾದಾಗಿನಿಂದ ಅವರಿಗೆ ಬೇರೆ ದಾರಿಗಳೆಲ್ಲ ಅವಮಾನ.

ಆದರೆ ನಾನು ಹೇಳಬೇಕೆಂದಿದ್ದು ಸೈಕಲ್ಲು ಬಂದ ರಟ್ಟಿನ ಪೆಟ್ಟಿಗೆಯ ಕಥೆ. ಹೆಚ್ಚುಕಡಿಮೆ ಬಾಗಿಲಿನಷ್ಟು ಉದ್ದ, ಎರಡು ಪದರದ ರಟ್ಟು, ಉಗುರಿನಲ್ಲಿ ಕೆರೆದರೂ ಏಳುವುದಿಲ್ಲ. ಆಷಾಢದಲ್ಲಿ ಮಲೆನಾಡಿನ ಮನೆಯೊಳಗೆ ಒಣಗಿದ ವಸ್ತು ಅಂತ ಒಂದು ಕಂಡರೆ ಸಾಕು, ಮನುಷ್ಯರ ಗುಣ ಬದಲಾಗುತ್ತದೆ. ಹಾಸಿಗೆಯಡಿ ಹಾಸಿದರೆ ನೆಲದ ಥಂಡಿ ಏರುವುದಿಲ್ಲ ಎಂದು ನನ್ನ ಹೆಂಡತಿ. ಅಟ್ಟದ ಮೇಲೆ ಅಡಿಕೆ ಮೂಟೆಯಡಿಗೆ ಎಂದು ಅಮ್ಮ. ಮೇಲಿನಮನೆಯವರ ದನ ಆಗಷ್ಟೇ ಕರು ಹಾಕಿತ್ತು. "ಮಳೆಗಾಲದ ಕರು, ಪಾಪ, ಬರೀ ಕಲ್ಲುಹಾಸಿನ ಮೇಲೆ ಮಲಗ್ತದೆ" ಎಂದು ಅವರು ದಿನಕ್ಕೊಮ್ಮೆ ಬಂದು ಕಣ್ಣೀರು ಹಾಕುವುದೊಂದು ಬಾಕಿ. ಸೈಕಲ್ಲು ಬೇಕಾದರೆ ಒಯ್ಯಿರಿ, ಪೆಟ್ಟಿಗೆ ಮುಟ್ಟಬೇಡಿ ಎಂದು ಇವಳು ಒಮ್ಮೆ ಹೇಳಿಯೂಬಿಟ್ಟಳು. ಇಷ್ಟರಲ್ಲಿ ಪಕ್ಕದ ಮನೆ ಹುಡುಗ ಯಾರನ್ನೂ ಕೇಳದೆ ಪೆಟ್ಟಿಗೆಯ ಮೇಲೆ ಪೆನ್ಸಿಲಿನಲ್ಲಿ ಕಿರೀಟ, ಭುಜಕೀರ್ತಿ, ಡಾಬು ಎಲ್ಲ ಬರೆದಿಟ್ಟಿದ್ದ. ಶಾಲೆಯಲ್ಲಿ ಗದಾಯುದ್ಧ, ಅವನದು ಕೌರವ. ಕಲೆಯ ಮುಂದೆ ಕರು ಸೋತಿತು ಅನ್ನುವ ಹಾಗಿಲ್ಲ. ತಳದ ಹಾಳೆ ಕೊಟ್ಟಿಗೆಗೆ ಹೋಯಿತು, ಒಂದು ಬದಿ ಅಟ್ಟಕ್ಕೆ, ಉಳಿದದ್ದು ಹುಡುಗನಿಗೆ. ಹಾಸಿಗೆಯಡಿಗೆ ಏನೂ ಉಳಿಯಲಿಲ್ಲ, ಅದರ ಫಲ ನಾನು ಈಗಲೂ ಉಣ್ಣುತ್ತಿದ್ದೇನೆ.

ನಾಟಕ ನೋಡಲು ನಾನೂ ಹೋಗಿದ್ದೆ. ಬೇಗಡೆ ಹಚ್ಚಿದ ಕಿರೀಟ ಚೆನ್ನಾಗಿಯೇ ಇತ್ತು. ಕೆಳಗೆ ಮಾತ್ರ ಬೇಗಡೆ ಸಾಲದೆ ರಟ್ಟು ಹಾಗೇ ಕಾಣುತ್ತಿತ್ತು. ಒಡೆಯುವ ಸಾಮಾನು, ಜೋಪಾನ ಎಂದು ಸೂಚಿಸುವ ಗಾಜಿನ ಲೋಟದ ಚಿತ್ರ ಸರಿಯಾಗಿ ಕೌರವನ ಎಡತೊಡೆಯ ಮೇಲೆ. ಭೀಮನಿಗೆ ಹುಡುಕುವ ತಾಪತ್ರಯವೇ ಇರಲಿಲ್ಲ.

ಸೈಕಲ್ಲಿಗೆ ಬರೋಣ. ಅದನ್ನು ಮೇಗರವಳ್ಳಿ ರಸ್ತೆಯಿಂದ ನಮ್ಮ ಮನೆಯ ಏರಿಗೆ ತುಳಿಯಲು ಹೋಗಿ ಅಳಿಯ ತಳ್ಳಿಕೊಂಡೇ ಬಂದ. ಬ್ಯಾಟರಿ ಇದ್ದರೂ ಪೆಡಲ್ ತುಳಿದರಷ್ಟೇ ಮೋಟಾರು ಜೊತೆಗೂಡುವುದು ಎಂದು ವಿವರಿಸಿದರೆ, "ತುಳಿಯುವುದೇ ಆದರೆ ಕರೆಂಟು ಯಾಕೆ?" ಎನ್ನುತ್ತಾರೆ ಮೇಲಿನಮನೆಯವರು. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಬೆಂಗಳೂರಿನಲ್ಲಿ ಬೇರೆ ಬ್ಯಾಟರಿ ಕಟ್ಟಿಸೋಣವೆಂದರೆ ಈ ಮೋಟಾರು ತನ್ನ ಕಂಪನಿಯದನ್ನಲ್ಲದೆ ಇನ್ನೊಂದನ್ನು ಒಪ್ಪುವುದಿಲ್ಲವಂತೆ.

ಒಪ್ಪಿದರೂ ಚಾರ್ಜು ಮಾಡುವುದು ಎಲ್ಲಿಂದ? ಶರಾವತಿ ಹುಟ್ಟುವುದು ನಮ್ಮದೇ ತಾಲ್ಲೂಕಿನ ಅಂಬುತೀರ್ಥದಲ್ಲಿ. ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಎದ್ದಿತು, ಊರುಗಳು ಮುಳುಗಿದವು, ಶರಾವತಿ ವಿದ್ಯುದಾಗಾರದ ಸಾಮರ್ಥ್ಯವೇ 1,035 ಮೆಗಾವ್ಯಾಟ್. ನಮ್ಮ ಮನೆಯಲ್ಲೋ ಗಾಳಿಮಳೆ ಹಿಡಿದರೆ ಮೊಬೈಲನ್ನು ಚಾರ್ಜಿಗೆಂದು ಪೇಟೆಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸಬೇಕು. ಲೈನ್‌ಮನ್ ಪಾಪ, ಸುರಿಯುವ ಮಳೆಯಲ್ಲೂ ಕಂಬ ಹತ್ತುತ್ತಾನೆ. ಬೈಯಬೇಕಾದ್ದು ಗುಡ್ಡದ ತುಂಬ ಅಕೇಶಿಯಾ ನೆಟ್ಟವರನ್ನು, ಅದರ ನಡುವೆಯೇ ತಂತಿ ಎಳೆದವರನ್ನು. ಬೈದದ್ದೂ ಆಗಿದೆ. ಮರ ಹಾಗೇ ಬಾಗಿಕೊಂಡಿದೆ.

ಮೊನ್ನೆ ಅಳಿಯ ಫೋನು ಮಾಡಿದ್ದ. "ಮಾವ, ಬ್ಯಾಟರಿ ಹಡಗಿನಲ್ಲಿ ಬರಬಹುದು. ಅಪಾಯಕಾರಿ ಸರಕು ಅಂತ ಸ್ವಲ್ಪ ಕಾಗದಪತ್ರ ಮಾಡಿಸಬೇಕು. ತರಿಸಲಾ?"

ತರಿಸು, ಆದರೆ ಅಲ್ಲೇ ಪೂರ್ತಿ ಚಾರ್ಜು ಮಾಡಿ ಕಳಿಸಲಿಕ್ಕೆ ಹೇಳು ಎಂದೆ.