ಗೋಲ್ ರದ್ದು, ಕೂಗು ಬಾಕಿ

ನಿನ್ನೆ ರಾತ್ರಿ ಗೋಲ್ ರದ್ದಾಯಿತು. ನಾನು ಕೂಗಿದ್ದು ರದ್ದಾಗಲಿಲ್ಲ. ಅದು ಕಿಟಕಿ ದಾಟಿ, ಕಾಂಪೌಂಡ್ ದಾಟಿ, ಗಲ್ಲಿಯ ನಾಯಿಗಳನ್ನೆಲ್ಲ ಎಬ್ಬಿಸಿ, ಕೆಳಗಿನ ಮನೆಯ ಆಯಿಯ ನಿದ್ದೆಯನ್ನೂ ಕೆಡಿಸಿ ಬಂದಿತ್ತು. ಯುರೋಪಿನ ಪಂದ್ಯ ನೋಡುವವರಿಗೆ ಗೊತ್ತಲ್ಲ, ಚಳಿಗಾಲದಲ್ಲಿ ಅಲ್ಲಿ ಸೀಟಿ ಊದುವ ಹೊತ್ತಿಗೆ ಇಲ್ಲಿ ಬೆಳಗಾವಿಯಲ್ಲಿ ರಾತ್ರಿ ಒಂದೂವರೆ. ಆ ಹೊತ್ತಲ್ಲಿ ಟಿಳಕವಾಡಿಯ ಗಲ್ಲಿಯಲ್ಲಿ ಯಾರಾದರೂ ಕಿರುಚಿದರೆ ಒಂದೋ ಕಳ್ಳ ಬಂದಿರಬೇಕು, ಇಲ್ಲಾ ಗೋಲ್ ಆಗಿರಬೇಕು.

ಬೆಳಿಗ್ಗೆ ಹಾಲಿಗೆ ಅಂತ ಇಳಿದರೆ ಆಯಿ ಮೆಟ್ಟಿಲ ಬಾಯಲ್ಲೇ ನಿಂತಿದ್ದರು.

"ರಾತ್ರಿ ಯಾರರೆ ಬಿದ್ರೇನ್ರಿ?"

"ಇಲ್ರಿ ಆಯಿ, ಗೋಲ್ ಆಗಿತ್ತು."

"ಚಲೋ ಆತಲ್ಲ. ಮತ್ತ ಮಾರಿ ಯಾಕ ಸಣ್ಣದಾಗೇದ?"

"ಆಮ್ಯಾಲ ರದ್ದು ಮಾಡಿದ್ರು."

"ರದ್ದು ಮಾಡಾವ್ರು ಕೊಟ್ಟಿದ್ದ್ಯಾಕ?"

ಫುಟ್ಬಾಲ್ ಅಂದರೆ ಏನು ಅಂತಲೇ ಗೊತ್ತಿಲ್ಲದ ಆಯಿ ಹಲ್ಲುಜ್ಜುವ ಮೊದಲೇ ಕೇಳಿದ ಈ ಪ್ರಶ್ನೆಯನ್ನು ಜಗತ್ತಿನ ಅಭಿಮಾನಿಗಳು 2018ರಿಂದ ಕೇಳುತ್ತಲೇ ಇದ್ದಾರೆ. ಆ ವರ್ಷ ರಷ್ಯಾದಲ್ಲಿ ನಡೆದ ವಿಶ್ವಕಪ್ಪಿಗೆ ವಿಎಆರ್ ಬಂತು, ಅಂದರೆ ವಿಡಿಯೊ ನೋಡಿ ಮೈದಾನದ ರೆಫರಿಯ ತಪ್ಪು ಹಿಡಿಯುವ ಏರ್ಪಾಡು. ಟಿವಿ ಮುಂದೆ ಕೂತ ರೆಫರಿ ನಾಲ್ಕೇ ವಿಷಯ ನೋಡಬೇಕು ಎಂದರು. ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು, ಮತ್ತೆ ಒಬ್ಬನ ತಪ್ಪಿಗೆ ಇನ್ನೊಬ್ಬನಿಗೆ ಕಾರ್ಡು ಕೊಟ್ಟರೆ ಅದು. ಕಣ್ಣಿಗೆ ರಾಚುವಂಥ ತಪ್ಪಿದ್ದರೆ ಮಾತ್ರ ಬಾಯಿ ಹಾಕಬೇಕು ಎಂದೂ ಹೇಳಿದರು. ಕೇಳಿ ನಮಗೂ ಖುಷಿಯಾಯಿತು.

ಆದರೆ ಆಫ್‌ಸೈಡಿಗೆ ಈ ರಾಚುವ ಲೆಕ್ಕ ಇಲ್ಲ. ಪಾಸ್ ಹೊರಟ ಕ್ಷಣದಲ್ಲಿ ಚೆಂಡಿಗಿಂತಲೂ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿಗೆ ಹತ್ತಿರ ಇದ್ದವನು ಆಫ್‌ಸೈಡು. ಅದು ಕೂದಲೆಳೆಯಷ್ಟಿದ್ದರೂ ಆಫ್‌ಸೈಡೇ. ಕೈಯಿಂದ ಗೋಲ್ ಹೊಡೆಯುವ ಹಾಗಿಲ್ಲವಲ್ಲ, ಅದಕ್ಕೆ ಆಫ್‌ಸೈಡಿನಲ್ಲಿ ಕೈ ಲೆಕ್ಕಕ್ಕಿಲ್ಲ. ಹಾಗಾದರೆ ಕೈ ಎಲ್ಲಿಂದ ಶುರು? ಕಂಕುಳಿನ ತಳದಿಂದ. ಇದು ತಮಾಷೆ ಅಲ್ಲ, ನಿಯಮದಲ್ಲೇ ಇದೆ. 2022ರ ಕತಾರ್ ವಿಶ್ವಕಪ್ಪಿನಲ್ಲಿ ಚಾವಣಿಗೆ 12 ಕ್ಯಾಮೆರಾ ಕಟ್ಟಿ, ಪ್ರತಿ ಆಟಗಾರನ ಮೈಮೇಲೆ 29 ಜಾಗ ಗುರುತಿಸಿ, ಸೆಕೆಂಡಿಗೆ 50 ಸಲ ಅಳೆದರು. ಮದುವೆ ಕೋಟು ಹೊಲಿಯುವ ಟೇಲರ್ ಕೂಡ ನನ್ನನ್ನು ಇಷ್ಟು ಅಳೆದಿಲ್ಲ.

ನಿನ್ನೆ ನಮ್ಮ ಹುಡುಗನ ಕಂಕುಳು ಮುಂದಿತ್ತಂತೆ. ಯಾವ ತಂಡ ಅಂತ ಹೇಳುವುದಿಲ್ಲ. ಹೇಳಿದರೆ ಅರ್ಧ ಜನ ಓದುವುದನ್ನು ಇಲ್ಲಿಗೇ ಬಿಡುತ್ತೀರಿ, ಉಳಿದರ್ಧ ಜನ ನಗುತ್ತೀರಿ.

ಆದರೆ ನನ್ನ ಸಂಕಟ ಏನೂ ಅಲ್ಲ. ಎದುರು ಮನೆಯ ಹುಡುಗನದು ನೋಡಬೇಕಿತ್ತು.

ಆತ ಗೋಕಾಕದ ಕಡೆಯವನು, ಇಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಕೋಣೆಯಲ್ಲಿ ನೆಟ್‌ವರ್ಕ್ ಬರುವುದಿಲ್ಲ ಅಂತ ಮಹಡಿ ಮೇಲೆ ಕೂತು ಮೊಬೈಲಿನಲ್ಲಿ ಪಂದ್ಯ ನೋಡುತ್ತಾನೆ. ನಮ್ಮದು ಒಂದೇ ತಂಡ. ತೊಂದರೆ ಏನೆಂದರೆ ಅವನ ಮೊಬೈಲ್ ನನ್ನ ಟಿವಿಗಿಂತ ಅರ್ಧ ನಿಮಿಷ ಹಿಂದೆ. ನಾನು ಕೂಗಿದರೆ ಅವನಿಗೆ ಗೋಲ್ ಬರುವ ಮೊದಲೇ ಗೋಲ್ ಗೊತ್ತಾಗುತ್ತದೆ. ಒಂದು ದಿನ ಮನೆಗೇ ಬಂದು, "ಸರ್, ನೀವು ಒದರಬ್ಯಾಡ್ರಿ, ನನ್ನ ಗೋಲ್ ಹಾಳಾಗ್ತೈತಿ" ಅಂತ ವಿನಂತಿ ಮಾಡಿಕೊಂಡಿದ್ದ. ನಾನು ಹೂಂ ಅಂದಿದ್ದೆ. ಅಂಥ ಮಾತನ್ನು ಯಾವ ಅಭಿಮಾನಿಯೂ ಉಳಿಸಿಕೊಳ್ಳಲಾರ ಬಿಡಿ.

ನಿನ್ನೆ ನನ್ನ ಕೂಗು ಕೇಳಿದ್ದೇ ತಡ, ಹುಡುಗ ತಯಾರಾದ. ಅವನ ಮೊಬೈಲಿನಲ್ಲಿ ನಮ್ಮವರು ಇನ್ನೂ ನಡುಮೈದಾನದಲ್ಲಿ ಪಾಸ್ ಆಡುತ್ತಿರಬೇಕು. ಇವನು ಮೊಬೈಲನ್ನು ಪ್ಯಾರಾಪೆಟ್ಟಿಗೆ ಒರಗಿಸಿಟ್ಟು, ಮಫ್ಲರ್ ಬಿಚ್ಚಿ, ಎರಡೂ ಕೈ ಮೇಲೆತ್ತಿ ನಿಂತುಬಿಟ್ಟ. ಬರಲಿರುವ ಗೋಲಿಗೆ ಹೀಗೆ ಮುಂಚಿತವಾಗಿ ಕೈ ಎತ್ತಿ ಕಾಯುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗೋಲ್ ಅವನಿಗೂ ಬಂತು. ಹುಡುಗ ಹಾರಿದ. ನೀರಿನ ಟ್ಯಾಂಕಿಗೆ ಒಂದು ಸುತ್ತು ಹಾಕಿದ. ಬೆಳಗಾವಿಯ ಚಳಿಯಲ್ಲಿ, ನೀವೇ ಯೋಚಿಸಿ, ಸ್ವೆಟರ್ ಮತ್ತು ಟೀಶರ್ಟ್ ಎರಡನ್ನೂ ಒಂದೇ ಏಟಿಗೆ ಕಳಚಿ ತಲೆ ಮೇಲೆ ಗಿರಗಿರ ತಿರುಗಿಸಿದ. ಆ ಹೊತ್ತಿಗೆ ನನ್ನ ಟಿವಿಯಲ್ಲಿ ರೆಫರಿ ವಿಎಆರ್ ಕೋಣೆಯ ಮಾತು ಕೇಳಲು ಕಿವಿ ಮೇಲೆ ಬೆರಳಿಟ್ಟು ನಿಂತಾಗಿತ್ತು. ನಾನು ಕಿಟಕಿಯಿಂದ ನೋಡುತ್ತಿದ್ದೇನೆ. "ಏ, ಬಟ್ಟೆ ಹಾಕ್ಕೊಳೋ" ಎನ್ನಲೂ ಆಗದು, ಹಾಗೆಂದರೆ ಅವನ ಗೋಲ್ ಹಾಳಾಗುತ್ತದೆ. ಅಷ್ಟರಲ್ಲಿ ತಿರುಗಿಸುತ್ತಿದ್ದದ್ದು ಕೈ ಜಾರಿ ಆಯಿಯ ಮಲ್ಲಿಗೆ ಚಪ್ಪರದ ಮೇಲೆ ಬಿತ್ತು.

ಆಮೇಲೆ ಅವನ ರೆಫರಿಯೂ ಕಿವಿ ಮುಟ್ಟಿದ. ಹುಡುಗ ಬರಿಮೈಯಲ್ಲಿ, ತೋಳು ಕಟ್ಟಿಕೊಂಡು, ನಡುಗುತ್ತ ನಿಂತ. ಟಿವಿಯಲ್ಲಿ ಗೆರೆ ಎಳೆಯುತ್ತಿದ್ದಾರೆ, ಅಳಿಸುತ್ತಿದ್ದಾರೆ, ಮತ್ತೆ ಎಳೆಯುತ್ತಿದ್ದಾರೆ. ಒಂದು ನಿಮಿಷ ಆಯಿತು, ಎರಡಾಯಿತು. ಇವನಿಗೆ ಒಂದು ಉಪಾಯ ಹೊಳೆಯಿತು. ಉತ್ತರ ಮೊದಲು ಬರುವುದು ಎದುರುಮನೆಗೆ ತಾನೇ? ಮೊಬೈಲ್ ಬಿಟ್ಟು ನನ್ನ ಕಿಟಕಿಗೇ ಕಣ್ಣು ನೆಟ್ಟ. ಎರಡು ಬೆರಳಿನಿಂದ ಗಾಳಿಯಲ್ಲಿ ಚೌಕ ಬರೆದು, ಹುಬ್ಬೆತ್ತಿ, ಏನಾಯ್ತು ಅಂತ ಕೇಳಿದ.

ನಾನು ಮುಖದಲ್ಲಿ ಏನೂ ತೋರಿಸಬಾರದು ಅಂತ ಎಷ್ಟು ಗಟ್ಟಿಯಾಗಿ ಕೂತೆ ಅಂದರೆ, ಅದರಿಂದಲೇ ಅವನಿಗೆ ಎಲ್ಲ ತಿಳಿಯಿತು. ತನ್ನ ಮೊಬೈಲಿನಲ್ಲಿ ತೀರ್ಪು ಬರುವ ಮೊದಲೇ ಪ್ಯಾರಾಪೆಟ್ಟಿಗೆ ಹಣೆ ಇಟ್ಟುಬಿಟ್ಟ. ಬೆಳಿಗ್ಗೆ ಆಯಿ ಕೋಲಿನಿಂದ ಸ್ವೆಟರ್ ಇಳಿಸುತ್ತ, "ಇದು ಯಾರ್ದು, ಗೋಲ್ ಆದಾವಂದೋ ರದ್ದಾದಾವಂದೋ?" ಅಂತ ಕೇಳಿದ್ದನ್ನು ಅವನಿಗೆ ಇನ್ನೂ ಹೇಳಿಲ್ಲ.

ಸಿಟ್ಟು ನಮಗಷ್ಟೇ ಅಲ್ಲ. ನಾರ್ವೆಯಲ್ಲಿ 2024ರ ಜುಲೈನಲ್ಲಿ ವಿಎಆರ್ ಬೇಡ ಅಂತ ಅಭಿಮಾನಿಗಳು ಮೈದಾನಕ್ಕೆ ಮೀನಿನ ವಡೆ ಎಸೆದರು. ಟೆನಿಸ್ ಚೆಂಡನ್ನೂ ಎಸೆದರು. ಕೊನೆಗೆ ಪಂದ್ಯವನ್ನೇ ನಿಲ್ಲಿಸಬೇಕಾಯಿತು. ನಮ್ಮೂರಿನಲ್ಲಿ ಇದು ನಡೆಯದ ಮಾತು. ಎಸೆಯಲು ಕುಂದಾ ಇದೆ, ನಿಜ. ಆದರೆ ಕುಂದಾ ಎಸೆಯುವಷ್ಟು ಸಿಟ್ಟು ಬೆಳಗಾವಿಯವರಿಗೆ ಇನ್ನೂ ಬಂದಿಲ್ಲ. ಸ್ವೀಡನ್ನಿನಲ್ಲಿ ಕ್ಲಬ್ಬುಗಳ ಹಿಡಿತ ಸದಸ್ಯರ ಕೈಯಲ್ಲಿದೆ, ಅವರು ಬೇಡವೆಂದರು, ಅಲ್ಲಿ ವಿಎಆರ್ ಬರಲೇ ಇಲ್ಲ. ಇಂಗ್ಲೆಂಡಿನಲ್ಲಿ ವುಲ್ವ್ಸ್ ಕ್ಲಬ್ ತೆಗೆದುಹಾಕೋಣ ಅಂತ 2024ರಲ್ಲಿ ಮತಕ್ಕೆ ಹಾಕಿಸಿತು. 20 ಕ್ಲಬ್ಬುಗಳಲ್ಲಿ 19 ಇರಲಿ ಎಂದವು. ಅಭಿಮಾನಿಗಳನ್ನು ಯಾರು ಕೇಳಿದರು?

ಅದೇ ಇಂಗ್ಲೆಂಡಿನಲ್ಲಿ ಅದಕ್ಕೂ ಹಿಂದಿನ ವರ್ಷ, 2023ರ ಸೆಪ್ಟೆಂಬರ್ 30ರಂದು, ಲಿವರ್‌ಪೂಲಿನ ಲೂಯಿಸ್ ಡಿಯಾಜ್ ಟಾಟನ್‌ಹ್ಯಾಮ್ ಮೇಲೆ ಸರಿಯಾದ ಗೋಲ್ ಹೊಡೆದ. ಮೈದಾನದಲ್ಲಿ ಆಫ್‌ಸೈಡ್ ಎಂದರು. ವಿಎಆರ್ ಕೋಣೆಯವರು ನೋಡಿದರು, ಆಫ್‌ಸೈಡ್ ಇಲ್ಲ. ಆದರೆ ಮೈದಾನದಲ್ಲಿ ಗೋಲ್ ಕೊಟ್ಟಿದ್ದಾರೆ ಅಂತ ತಪ್ಪು ತಿಳಿದು, "ಎಲ್ಲ ಸರಿ ಇದೆ" ಅಂದುಬಿಟ್ಟರು. ಆಟ ಮುಂದುವರಿಯಿತು. ಗೊತ್ತಾಗುವಷ್ಟರಲ್ಲಿ ನಿಲ್ಲಿಸುವ ಹಾಗಿರಲಿಲ್ಲ. ಇಷ್ಟೆಲ್ಲ ಕ್ಯಾಮೆರಾ ಇಟ್ಟು, ಹೊರಗೇನಾಯ್ತು ಅಂತ ಒಂದು ಮಾತು ಕೇಳಿಕೊಳ್ಳಬಾರದಿತ್ತಾ?

ಭಾನುವಾರ ಲೇಲೆ ಮೈದಾನದಲ್ಲಿ ಆಡಿ ಚಹಾಕ್ಕೆ ನಿಂತಾಗ ಇದೇ ಮಾತು ಬರುತ್ತದೆ. ಕ್ಯಾಂಪಿನ ಹಿರಿಯರೊಬ್ಬರು ಬರುತ್ತಾರೆ, ಹಿಂದೆ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋಗಿ ಪಂದ್ಯ ನೋಡುತ್ತಿದ್ದವರು. ಅವರ ತಕರಾರೇ ಬೇರೆ. "ನಮ್ಮ ಕಾಲದಾಗ ತಪ್ಪು ಮಾಡಿದ ರೆಫರಿ ಎದುರಿಗೇ ಇರ್ತಿದ್ದ. ಈಗಿನಾಂವ ಎಲ್ಲೋ ಎಸಿ ಒಳಗ ಕುಂತಾನ. ಬೈದ್ರ ಕೇಳಬೇಕೋ ಬ್ಯಾಡೋ?" ಲಂಡನ್ನಿನ ವಿಮಾನ ನಿಲ್ದಾಣದ ಹತ್ತಿರದ ಒಂದು ಕೋಣೆಯಲ್ಲಿ ಕೂತು ಇಡೀ ಪ್ರೀಮಿಯರ್ ಲೀಗ್ ನೋಡುತ್ತಾರೆ ಎಂದೆ. ಅಷ್ಟು ದೂರಕ್ಕೆ ತಮ್ಮ ಬೈಗುಳ ಮುಟ್ಟುವುದಿಲ್ಲ ಅಂತ ಅವರಿಗೆ ನಿಜಕ್ಕೂ ಬೇಸರವಾಯಿತು.

ಹಾಗಂತ ವಿಎಆರ್ ಬೇಡವೇ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. 2023ರ ಮಾರ್ಚಿನಲ್ಲಿ ಕಂಠೀರವದಲ್ಲಿ ಕೇರಳದವರು ಅಡ್ಡ ನಿಂತು ಗೋಡೆ ಕಟ್ಟುವ ಮೊದಲೇ ನಮ್ಮ ಬೆಂಗಳೂರು ತಂಡದ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದು ಗೋಲ್ ಮಾಡಿದ, ಅವರು ಸಿಟ್ಟಾಗಿ ಮೈದಾನ ಬಿಟ್ಟೇ ಹೋದರು. ಆಗ ನಮಗೆ ಯಾವ ವಿಡಿಯೊವೂ ಬೇಕೆನಿಸಲಿಲ್ಲ. ನಮ್ಮ ಗೋಲ್ ಅಲ್ವಾ!

ಆದರೆ 2024ರ ಜೂನ್ 11. ಛೆಟ್ರಿ ಭಾರತ ತಂಡಕ್ಕೆ ವಿದಾಯ ಹೇಳಿ ಐದೇ ದಿನವಾಗಿತ್ತು. ಕತಾರ್‌ನಲ್ಲಿ ಕತಾರ್ ಎದುರು ನಾವು ಚಾಂಗ್ಟೆಯ ಗೋಲಿನಿಂದ ಮುಂದಿದ್ದೆವು. ಗೆದ್ದಿದ್ದರೆ ವಿಶ್ವಕಪ್ ಅರ್ಹತೆಯ ಮೂರನೇ ಸುತ್ತು, ಮೊದಲ ಸಲ. 73ನೇ ನಿಮಿಷದಲ್ಲಿ ಚೆಂಡು ಗೆರೆ ದಾಟಿ ಹೊರಗೆ ಹೋಯಿತು. ಅವರ ಆಟಗಾರ ಅದನ್ನು ಒಳಗೆಳೆದ, ಇನ್ನೊಬ್ಬ ಗೋಲಿಗೆ ತಳ್ಳಿದ. ಗೋಲ್ ಅಂದರು. ಆ ಪಂದ್ಯಕ್ಕೆ ವಿಎಆರ್ ಇರಲಿಲ್ಲ. 2-1ರಿಂದ ಸೋತೆವು. ಅದೇ ಕತಾರ್‌ನಲ್ಲಿ ಒಂದೂವರೆ ವರ್ಷದ ಹಿಂದೆ, ಸ್ಪೇನ್ ವಿರುದ್ಧ ಜಪಾನಿನ ಚೆಂಡು ಕೂದಲೆಳೆಯಷ್ಟು ಗೆರೆಯ ಮೇಲಿತ್ತು ಅಂತ ಇದೇ ವಿಎಆರ್ ಹಿಡಿದು ಗೋಲ್ ಕೊಟ್ಟಿತ್ತು. ನಮಗೆ ಕಂಕುಳು ಅಳೆಯುವ ಯಂತ್ರ ಬೇಡವಾಗಿತ್ತು, ಗೆರೆ ಕಡೆ ತಿರುಗಿಸಿಟ್ಟ ಒಂದು ಕ್ಯಾಮೆರಾ ಸಾಕಿತ್ತು. ಆ ರಾತ್ರಿ ಯಾರೂ ಕೂಗಲಿಲ್ಲ. ಬೆಳಿಗ್ಗೆ ಆಯಿ ಏನೂ ಕೇಳಲೂ ಇಲ್ಲ.

ಮೊನ್ನೆ ಭಾನುವಾರ ನಾವೇ ವಿಎಆರ್ ಮಾಡಲು ಹೋದೆವು. ಗೋಲ್‌ಪೋಸ್ಟ್ ಅಂದರೆ ಎರಡು ಬ್ಯಾಗು. ಚೆಂಡು ಬ್ಯಾಗಿನ ಒಳಗಿಂದ ಹೋಯಿತೋ ಮೇಲಿಂದ ಹೋಯಿತೋ ಅಂತ ಜಗಳ. ಒಬ್ಬ ವಿಡಿಯೊ ತೆಗೆದಿದ್ದ. ಬಿಸಿಲಿಗೆ ಸ್ಕ್ರೀನ್ ಕಾಣಲಿಲ್ಲ. ಎರಡೂ ತಂಡದವರು ಮೊಬೈಲ್ ಸುತ್ತ ಸೇರಿ, ತಲೆ ಮೇಲೆ ಒಂದು ಜರ್ಸಿ ಹೊದ್ದು, ಬೆವರಿನ ವಾಸನೆಯಲ್ಲಿ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಚೆಂಡು ಇನ್ನೇನು ಬ್ಯಾಗ್ ದಾಟಬೇಕು, ಅವನ ಮನೆಯಿಂದ ಫೋನ್ ಬಂತು. ಬರುವಾಗ ಮೊಸರು ತರಬೇಕಂತೆ. ಅರ್ಧ ಲೀಟರೋ ಒಂದು ಲೀಟರೋ ಅಂತ ತೀರ್ಮಾನವಾಗುವವರೆಗೂ ಎಲ್ಲರೂ ಜರ್ಸಿ ಒಳಗೇ ಕಾದೆವು. ಫೋನ್ ಇಟ್ಟಮೇಲೆ ನೋಡಿದರೆ ಬ್ಯಾಟರಿ ಖಾಲಿ. ಪಂದ್ಯ ಅವರ ಲೆಕ್ಕದಲ್ಲಿ 3-2ಕ್ಕೆ ಮುಗಿದಿದೆ, ನಮ್ಮ ಲೆಕ್ಕದಲ್ಲಿ 2-2.